ರೇವಾಬಾರ ಸೀರೆಯ ಅರಿಶಿನ

ಹೊಲಿಗೆ ಬರುತ್ತದೆ ಎಂದು ಹೆಣ್ಣುಮಗಳು ಜನರೆದುರು ಬಾಯಿ ಬಿಡಬಾರದು. ಹಾಡು ಬರುತ್ತದೆ ಎಂದರೆ ಒಂದು ಹಾಡಿಸಿ ಬಿಟ್ಟುಬಿಡುತ್ತಾರೆ. ಅಡುಗೆ ಬರುತ್ತದೆ ಎಂದರೆ ಉಂಡು ಕೈ ತೊಳೆದು ಹೋಗುತ್ತಾರೆ. ಹೊಲಿಗೆ ಬರುತ್ತದೆ ಎಂದಿರೋ, ಊರಿನವರ ಕಿತ್ತುಹೋದ ಗುಂಡಿಗಳೆಲ್ಲ ದಾರಿ ಕೇಳಿಕೊಂಡು ನಿಮ್ಮ ಮನೆಗೇ ಬರುತ್ತವೆ. ನನಗೆ ಇದು ಗೊತ್ತಿದ್ದೂ ಬಾಯಿ ಬಿಟ್ಟೆ. ತಪ್ಪು ಪೂರ್ತಿ ನನ್ನದಲ್ಲ, ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದ ಸಿಸ್ಟರ್‌ದೂ ಇದೆ. ಅವರು ನಮ್ಮ ಬಟ್ಟೆಯನ್ನು ಮೊದಲು ಒಳಮಗ್ಗುಲಿನಿಂದ ನೋಡುತ್ತಿದ್ದರು. "ಹೊರಗಡೆ ಜನ ನೋಡ್ತಾರೆ, ಒಳಗಡೆ ದೇವರು ನೋಡ್ತಾನೆ" ಎನ್ನುತ್ತಿದ್ದರು. ದೇವರಿಗೆ ನನ್ನ ಕರ್ಚೀಫಿನ ಅಂಚು ನೋಡುವಷ್ಟು ಬಿಡುವು ಇದೆಯೆಂದು ನಂಬಿಕೊಂಡು ಬೆಳೆದವಳು ನಾನು. ಹಾಗಾಗಿ ಯಾರಾದರೂ ಒಂದು ಕೆಲಸ ವಹಿಸಿದರೆ ಒಳಮಗ್ಗುಲನ್ನೂ ಸರಿಮಾಡದೆ ನಿದ್ದೆ ಬರುವುದಿಲ್ಲ.

ನಾವಿರುವುದು ಅಹಮದಾಬಾದಿನ ಹಳೆಯ ಊರಿನ ಒಂದು ಪೋಳದಲ್ಲಿ. ಪೋಳ ಎಂದರೆ ಊರೊಳಗೊಂದು ಊರಿನಂಥ ಓಣಿ, ಅದಕ್ಕೊಂದು ದೊಡ್ಡ ಬಾಗಿಲು, ಒಳಗೆ ಮೈಗೆ ಮೈ ತಾಗಿಸಿ ನಿಂತ ಮನೆಗಳು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಎದುರು ಮನೆಯವರು ಸೀನುತ್ತಾರೆ. ನಮ್ಮವರು ಒಂದು ಬಟ್ಟೆ ಗಿರಣಿಯಲ್ಲಿ ರಸಾಯನಶಾಸ್ತ್ರದ ಕೆಲಸದಲ್ಲಿದ್ದಾರೆ. ಬಣ್ಣ ಹಾಕಿದ ಬಟ್ಟೆಯನ್ನು ಸೋಪಿನಲ್ಲಿ ಕುದಿಸಿ, ಬಿಸಿಲಿಗೆ ಹಿಡಿದು, ಬೆವರಿನಂಥ ಉಪ್ಪುನೀರಿನಲ್ಲಿ ನೆನೆಸಿ, ನಾನಾ ರೀತಿಯಲ್ಲಿ ಹಿಂಸೆಕೊಟ್ಟು, ಆದರೂ ಬಣ್ಣ ಹೋಗದಿದ್ದರೆ ಸಂತೋಷಪಡುವುದು ಅವರ ಉದ್ಯೋಗ. ಮನೆಯೊಡತಿ ರೇವಾಬಾ ಕೆಳಗಿನ ಭಾಗದಲ್ಲಿರುತ್ತಾರೆ. ತೀರಾ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಅಂದಿನಿಂದ ಬಿಳಿ ಸೀರೆ, ಬರಿಗೈ. ನಾನು ಮದುವೆಯಾಗಿ ಬಂದಾಗ ಗುಜರಾತಿಯ ಗಂಧವಿಲ್ಲ, ಹಿಂದಿಯೋ ಪುಸ್ತಕದ್ದು. ತರಕಾರಿಯವನಿಗೆ "ಕೃಪಯಾ" ಎಂದು ಶುರುಮಾಡಿದರೆ ಅವನು ಹಿಂದೆ ತಿರುಗಿ ಬೇರೆ ಯಾರಾದರೂ ಇದ್ದಾರೇನೋ ಎಂದು ನೋಡುತ್ತಿದ್ದ. ಕೊತ್ತಂಬರಿಯನ್ನು ಬೇಡಿ ತರುವುದಲ್ಲ, ಗದರಿಸಿ ತರಬೇಕು ಎಂದು ಕಲಿಸಿಕೊಟ್ಟವರು ರೇವಾಬಾ. ಜ್ವರ ಬಂದಾಗ ಹಣೆ ಮುಟ್ಟಿ ನೋಡಿದವರೂ ಅವರೇ. ಅವರ ಮಾತನ್ನೆಲ್ಲ ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ರುಚಿ ಅರ್ಧ ಸೋರಿಹೋಯಿತೆಂದೇ ತಿಳಿಯಿರಿ.

ಇನ್ನು ನಮ್ಮ ಕನ್ನಡ ಸಂಘ. ಬ್ಯಾಂಕು, ರೈಲ್ವೆ, ವಿಮೆ, ಸಂಶೋಧನಾಲಯ ಎಂದು ವರ್ಗವಾಗಿ ಬಂದು ಬಿದ್ದವರ ಗುಂಪು ಅದು. ಯುಗಾದಿಯ ದಿನ ಸೇರಿ, ಬೇವುಬೆಲ್ಲ ಹಂಚಿ, ಒಬ್ಬರ ಜಿಲ್ಲೆಯ ಕನ್ನಡವನ್ನು ಇನ್ನೊಬ್ಬರು ಆಡಿಕೊಂಡು, ಪುಳಿಯೋಗರೆ ತಿಂದು ಮನೆಗೆ ಹೋಗುವುದು ವಾಡಿಕೆ. ಹೋದ ವರ್ಷ ಆ ವಾಡಿಕೆಗೆ ಕಲ್ಲು ಬಿತ್ತು. ರೈಲ್ವೆಯಲ್ಲಿರುವ ಮಗನ ಮನೆಗೆ ಧಾರವಾಡದಿಂದ ಒಬ್ಬ ನಿವೃತ್ತ ಇತಿಹಾಸದ ಮಾಸ್ತರರು ಬಂದರು, ಬರುವಾಗ ಪೆಟ್ಟಿಗೆಯಲ್ಲಿ ತಾವೇ ಬರೆದ ನಾಟಕವನ್ನೂ ತಂದರು. ವಿಜಯನಗರದ ಕಾಲದ ಒಬ್ಬ ಪಾಳೆಯಗಾರ, ಅವನ ರಾಣಿ, ಯುದ್ಧ, ವಿಯೋಗ. ಬ್ಯಾಂಕಿನ ಮ್ಯಾನೇಜರು ಪಾಳೆಯಗಾರ ಎಂದಾಯಿತು, ನನ್ನ ಗೆಳತಿ ಸರಳಾ ರಾಣಿ ಎಂದಾಯಿತು. ವೇಷಭೂಷಣ ಯಾರು ಎಂಬಲ್ಲಿಗೆ ಬಂದಾಗ ಎಲ್ಲರೂ ತಂತಮ್ಮ ಚಪ್ಪಲಿ ನೋಡಿಕೊಂಡರು. ಅಷ್ಟರಲ್ಲಿ ಸರಳಾ ನನ್ನನ್ನು ತೋರಿಸಿ, "ಇವಳಿಗೆ ಹೊಲಿಗೆ ಬರತ್ತೆ" ಎಂದಳು. ನಾನು "ಅಯ್ಯೋ, ಸ್ವಲ್ಪ" ಎಂದೆ. ಅಷ್ಟೇ ಸಾಕಾಯಿತು.

ನವರಾತ್ರಿಯ ಗರ್ಬಾ ಕುಣಿತಕ್ಕೆ ಬಟ್ಟೆ ಬಾಡಿಗೆ ಕೊಡುವ ಅಂಗಡಿಯಿಂದ ಒಂದು ಸೀರೆ ತಂದು ತೋರಿಸಿದೆ. ಬೆಳಕು ಹಾಯಿಸಿದರೆ ಕಣ್ಣು ಕುಕ್ಕುವ ಗುಲಾಬಿ. ಮಾಸ್ತರರು ಕನ್ನಡಕ ಏರಿಸಿದರು.

"ಇದ್ಯಾವ ಬಣ್ಣ, ತಂಗಿ?"

"ಇಲ್ಲಿ ಇದನ್ನ ರಾಣಿ ಬಣ್ಣ ಅಂತಾರೆ ಸರ್."

"ಯಾವ ರಾಣಿ? ನಮ್ಮ ರಾಣಿ ಇದನ್ನ ಕಣ್ಣಿಲೆ ಕಂಡಿಲ್ಲ. ಇದು ಡಾಂಬರದಾಗ ಹುಟ್ಟಿದ ಬಣ್ಣ. ನಿನ್ನ ಗಂಡನ್ನ ಕೇಳು, ಹೌದೋ ಅಲ್ಲೋ."

ನಮ್ಮವರನ್ನು ಕೇಳಿದೆ. ಪತ್ರಿಕೆಯಿಂದ ಕಣ್ಣೆತ್ತದೆ, ಹೌದು, ಡಾಂಬರಿನಿಂದ ತೆಗೆದ ಕೃತಕ ಬಣ್ಣ ಎಂದರು. ಹಾಗಾದರೆ ಆ ಕಾಲದವರು ಬಟ್ಟೆಗೆ ಬಣ್ಣ ಹೇಗೆ ಹಾಕುತ್ತಿದ್ದರು ಎಂದೆ. "ಕಷ್ಟಪಟ್ಟು" ಎಂದರು. ಆ ಒಂದು ಮಾತು ಎಷ್ಟು ನಿಜ ಎಂದು ಮುಂದೆ ನನಗೂ ನಮ್ಮ ಪೋಳಕ್ಕೂ ತಿಳಿಯಿತು.

ಮಾಸ್ತರರು ಸೇಫ್ಟಿ ಪಿನ್ನನ್ನು ಮೊದಲ ದಿನವೇ ನಿಷೇಧಿಸಿದರು. "ಆ ಕಾಲದಾಗ ಪಿನ್ನು ಇತ್ತೇನು? ಸೆರಗು ತಾನ ನಿಲ್ತಿತ್ತು. ನಿಲ್ಲೂ ಹಂಗ ಉಡೂದು ಕಲಸು." ಹುಕ್ಕು ಹೋಯಿತು, ಪೌಡರು ಹೋಯಿತು, ಪಾಳೆಯಗಾರನ ಕನ್ನಡಕವೂ ಹೋಯಿತು. ಕನ್ನಡಕವಿಲ್ಲದ ಮ್ಯಾನೇಜರು ತಾಲೀಮಿನಲ್ಲಿ ಸಿಂಹಾಸನದ ಪಕ್ಕದ ಗಾಳಿಯ ಮೇಲೆ ಕುಳಿತು ನೆಲಕ್ಕೆ ಬಂದರು. ಅರಮನೆಯ ಬಾಗಿಲಿಗೆಂದು ನಾನು ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿದ್ದನ್ನು ಮಾಸ್ತರರು ಕೈಯಾರೆ ಬಿಚ್ಚಿದರು. ಮೆಣಸಿನಕಾಯಿ ಆಗಿನ್ನೂ ನಮ್ಮ ದೇಶಕ್ಕೆ ಬಂದಿರಲಿಲ್ಲವಂತೆ. ಬಿಚ್ಚಿದ ಮೆಣಸಿನಕಾಯಿಯನ್ನು ಅವತ್ತು ಸಂಜೆ ಅವರಿಗೇ ಭಜಿ ಮಾಡಿ ಕೊಟ್ಟೆ. ಇತಿಹಾಸದ ಯಾವ ಆಕ್ಷೇಪವೂ ಇಲ್ಲದೆ ತಿಂದರು.

ಬಣ್ಣದ ವಿಷಯದಲ್ಲಿ ಮಾತ್ರ ಮಾಸ್ತರರನ್ನು ನಾನೇ ಮೀರಿಸಿದೆ ಎನ್ನಬೇಕು. ಕಾನ್ವೆಂಟಿನ ಒಳಮಗ್ಗುಲು ಎಚ್ಚೆತ್ತುಕೊಂಡಿತು. ದಾಸಿಯರ ಸೀರೆಗೆ ಮಂಜಿಷ್ಠದ ಬೇರಿನ ಕೆಂಪು. ಮಂತ್ರಿಯ ಉತ್ತರೀಯಕ್ಕೆ ಮುತ್ತುಗದ ಹೂವಿನ ಕಿತ್ತಳೆ. ಇಲ್ಲಿ ಅದನ್ನು ಕೆಸೂಡಾ ಎಂದು ಕರೆದು ಹೋಳಿ ಹಬ್ಬದ ಬಣ್ಣಕ್ಕೆ ನೆನೆಹಾಕುತ್ತಾರೆ, ಮಿಕ್ಕ ಒಣಹೂವನ್ನೆಲ್ಲ ಪೋಳದವರು ನನಗೆ ಕೊಟ್ಟರು. ಸೈನಿಕರ ಮುಂಡಾಸಿಗೆ ಕಪ್ಪು ಬೇಕಿತ್ತು. ಹಳೆಯ ಮೊಳೆ, ಬೆಲ್ಲ, ನೀರು ಸೇರಿಸಿ ಮಡಕೆಯಲ್ಲಿ ಕೊಳೆಸಬೇಕು ಎಂದು ಎಲ್ಲೋ ಓದಿ ಮೆಟ್ಟಿಲ ಕೆಳಗೆ ಇಟ್ಟೆ. ಇರುವೆಗಳು ಬಂದವು, ಆಮೇಲೆ ವಾಸನೆ ಬಂತು, ಆಮೇಲೆ ಎದುರು ಮನೆಯ ಕಾಂತಾಬೆನ್ ಮೂಗು ಮುಚ್ಚಿಕೊಂಡು ಬಂದು, "ಮದ್ರಾಸಿನ ಉಪ್ಪಿನಕಾಯಿಯೋ?" ಎಂದು ವಿಚಾರಿಸಿದರು. ಈ ಊರಿಗೆ ವಿಂಧ್ಯದ ಕೆಳಗಿರುವುದೆಲ್ಲ ಮದ್ರಾಸೇ. ನಾನೂ ತಿದ್ದುವುದನ್ನು ಬಿಟ್ಟಿದ್ದೇನೆ.

ಈರುಳ್ಳಿ ಸಿಪ್ಪೆಯ ಕಥೆಯೇ ಬೇರೆ. ಅದರಿಂದ ಒಳ್ಳೆಯ ಹೊಂಬಣ್ಣ ಬರುತ್ತದೆ. ಆದರೆ ನಮ್ಮ ಪೋಳದಲ್ಲಿ ಜೈನರೂ ವೈಷ್ಣವರೂ ಇರುವುದು. ಈರುಳ್ಳಿ ಎಂಬುದು ಆ ದೊಡ್ಡ ಬಾಗಿಲು ದಾಟಿ ಒಳಗೆ ಬಂದ ದಾಖಲೆಯೇ ಇಲ್ಲ. ಗಿರಣಿಯ ಕ್ಯಾಂಟೀನಿನಿಂದ ತಂದುಕೊಡಿ ಎಂದು ನಮ್ಮವರಿಗೆ ಗಂಟುಬಿದ್ದೆ. ಪಾಪ, ಊಟದ ಕ್ಯಾರಿಯರಿನಲ್ಲಿ ಸಿಪ್ಪೆ ಅದುಮಿಕೊಂಡು, ಕಳ್ಳಸಾಗಣೆಯವರ ಹಾಗೆ ಗೋಡೆ ಬದಿಗೆ ನಡೆದು ಮನೆ ಸೇರಿದರು. ಒಲೆಯ ಮೇಲೆ ಅದು ಕುದಿಯತೊಡಗಿದ ಮೇಲೆ ಗುಟ್ಟೇನು ಉಳಿಯುತ್ತದೆ? ಸುತ್ತಲ ಕಿಟಕಿಗಳು ಒಂದೊಂದಾಗಿ ಮುಚ್ಚಿದವು. ರೇವಾಬಾ ಮೇಲೆ ಬಂದು ಬಾಗಿಲಲ್ಲೇ ನಿಂತರು. ಬೈಯುತ್ತಾರೆ ಎಂದುಕೊಂಡೆ. ಸೆರಗಿನ ಗಂಟಿನಿಂದ ಒಣಗಿದ ದಾಳಿಂಬೆ ಸಿಪ್ಪೆ ತೆಗೆದು ಕೊಟ್ಟು, "ದೀಕ್ರಿ, ಮಗಳೇ, ಇದರಲ್ಲೂ ಹಳದಿ ಬರುತ್ತೆ. ಅದನ್ನು ಚೆಲ್ಲಿ ಸ್ನಾನ ಮಾಡು" ಎಂದರು. ಹೊಟ್ಟೆನೋವಿನ ಔಷಧಿಗೆಂದು ಅವರು ಕೂಡಿಟ್ಟ ಸಿಪ್ಪೆಯೆಲ್ಲ ಸೈನ್ಯದ ನಡುಪಟ್ಟಿಗಾಯಿತು. ಆ ಯುಗಾದಿಯವರೆಗೆ ಪೋಳದಲ್ಲಿ ಯಾರಿಗೂ ಹೊಟ್ಟೆ ನೋಯದೇ ಇದ್ದದ್ದು ದೇವರ ದಯೆ.

ಉಳಿದದ್ದು ರಾಣಿಯ ಸೀರೆ. ಯುದ್ಧಕ್ಕೆ ಗಂಡನನ್ನು ಕಳಿಸುವ ದಿನ ರಾಣಿ ವ್ರತದಲ್ಲಿದ್ದಾಳೆ. ಆದ್ದರಿಂದ ರೇಷ್ಮೆಯಲ್ಲ, ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಹತ್ತಿಯ ಹಳದಿ ಸೀರೆ ಆಗಬೇಕೆಂದು ಮಾಸ್ತರರು ಹಟ ಹಿಡಿದರು. ಗಿರಣಿಯ ನೂಲು ಒಂದೇ ಸಮ ಇರುತ್ತದಂತೆ, ಕೊನೆಯ ಸಾಲಿನಲ್ಲಿ ಕೂತವನಿಗೂ ಮೋಸ ಗೊತ್ತಾಗುತ್ತದಂತೆ. ಖಾದಿ ಭಂಡಾರದಲ್ಲಿ ಸಿಕ್ಕ ಸೀರೆಗಳಿಗೆಲ್ಲ ಡಾಂಬರದಲ್ಲಿ ಹುಟ್ಟಿದ ಅಂಚು. ನಾನು ಮೆಟ್ಟಿಲ ಮೇಲೆ ಕುಳಿತು ಸರಳಾಳ ಹತ್ತಿರ ಈ ಗೋಳು ಹೇಳಿಕೊಳ್ಳುತ್ತಿದ್ದಾಗ ರೇವಾಬಾ ಒಳಗೆ ಹೋಗಿ ಟ್ರಂಕು ತೆಗೆದರು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಅವರು ತಾವೇ ನೂತು ನೇಯಿಸಿದ ಸೀರೆ. ದಪ್ಪ, ಅಚ್ಚ ಬಿಳಿ, ಅಂಚಿಲ್ಲ. ನೂಲು ಅಲ್ಲಲ್ಲಿ ಗಂಟು, ಅಲ್ಲಲ್ಲಿ ತೆಳು. ನೂಲುತ್ತಾ ಯಾವ ಜಾಗದಲ್ಲಿ ಮಾತಿಗೆ ಕುಳಿತಿದ್ದರು ಎಂದು ಕೂಡ ಅದರಲ್ಲಿ ಗೊತ್ತಾಗುತ್ತಿತ್ತು. ನಾನು ಬೇಡವೇ ಬೇಡ ಎಂದೆ.

"ಮಡಿಸಿಟ್ಟು ಯಾರಿಗೆ ಉಳಿಸಲಿ? ತೊಗೊ" ಎಂದರು. ಆಮೇಲೆ ಸೀರೆಯ ಮಡಿಕೆ ಬಿಡಿಸುತ್ತಾ, "ಬಣ್ಣ ಪೂರ್ತಿ ಹೋಗುತ್ತೆ ಅಲ್ವಾ?" ಎಂದು ಕೇಳಿದರು.

"ಪೂರ್ತಿ ಹೋಗುತ್ತೆ ರೇವಾಬಾ. ನಿಮ್ಮ ಸೀರೆ ಬೆಳ್ಳಗೆ ವಾಪಸ್ ಕೊಡದಿದ್ದರೆ ನನ್ನ ಹೆಸರೇ ತೆಗೆದುಹಾಕಿ."

ಇಷ್ಟು ದೊಡ್ಡ ಮಾತನ್ನು ನಾನು ನನ್ನ ಮದುವೆಯಲ್ಲೂ ಆಡಿರಲಿಲ್ಲ. ಅಂದಿನಿಂದ ನನಗೆ ಪಾಳೆಯಗಾರನ ಯುದ್ಧ ಮರೆತುಹೋಯಿತು. ರೇವಾಬಾ ಉಡುವುದು ಬಿಳಿ ಮಾತ್ರ. ಈ ಸೀರೆಗೆ ಒಂದು ಛಾಯೆ ಉಳಿದರೂ ಅದು ಮತ್ತೆ ಟ್ರಂಕಿಗೇ ಹೋಗಬೇಕು. ಅವರ ಕೈಯ ನೂಲು ನನ್ನಿಂದ ಹಾಳಾಯಿತೆಂದಾಗುತ್ತದೆ. ದಾಳಿಂಬೆ ಬೇಡ, ಮುತ್ತುಗ ಬೇಡ, ಹೋಗುವಂಥದ್ದು ಯಾವುದು ಎಂದು ನಮ್ಮವರನ್ನು ಪೀಡಿಸಿದೆ. ಅವರು ಪತ್ರಿಕೆ ಮಡಿಸಿಟ್ಟರು, ವಿಷಯ ಗಂಭೀರ ಎಂದರ್ಥ. "ಅರಿಶಿನ ಹಾಕು. ಪಟಿಕ ಸೇರಿಸಬೇಡ, ಅದು ಬಣ್ಣವನ್ನ ಗಟ್ಟಿ ಹಿಡಿದುಕೊಳ್ಳುತ್ತೆ, ಬರೀ ಅರಿಶಿನ. ಬಿಸಿಲು ಕಂಡರೆ ಅದರಷ್ಟು ಹೇಡಿ ಬಣ್ಣ ಇನ್ನೊಂದಿಲ್ಲ. ಅಹಮದಾಬಾದಿನ ಬಿಸಿಲಿಗೆ ಒಂದು ವಾರ ಹಾಕಿದರೆ ಬಂದದ್ದೇ ಸುಳ್ಳು ಅನ್ನೋ ಹಾಗೆ ಹೋಗುತ್ತೆ." ಆಮೇಲೆ ನಕ್ಕರು. "ಬಣ್ಣ ಹೋಗಬಾರದು ಅಂತ ನನಗೆ ಸಂಬಳ ಕೊಡ್ತಾರೆ. ಹೋಗಲಿ ಅಂತ ನೀನು ಹರಕೆ ಹೊರ್ತಿದ್ದೀಯ."

ಮೊದಲು ಕಾನ್ವೆಂಟಿನ ಒಂದು ಹಳೆಯ ಕರ್ಚೀಫನ್ನು ಅದ್ದಿ ನೋಡಿದೆ. ಚೆಂದದ ಹಳದಿ ಬಂತು. ಬಿಡುತ್ತದೆಯೇ ನೋಡೋಣವೆಂದು ಸೋಪು ತಿಕ್ಕಿದೆ, ರಕ್ತದ ಹಾಗೆ ಕೆಂಪಾಯಿತು. ನಮ್ಮವರನ್ನು ಕೂಗಿದೆ. ಅವರು ಬಂದು ಸೋಪಿನ ಕ್ಷಾರದ ಬಗ್ಗೆ ಪಾಠ ಮಾಡಿ, ನಿಂಬೆಹಣ್ಣು ಹಿಂಡಿ ಮತ್ತೆ ಹಳದಿ ಮಾಡಿ ತೋರಿಸಿದರು. ಸರಿ, ಅಂದಿನಿಂದ ಸೋಪು ನನ್ನ ಶತ್ರು. ರಾಣಿಯ ಸೀರೆಯ ಹತ್ತಿರ ಸೋಪು ಸುಳಿಯಕೂಡದೆಂದು ಸಂಘಕ್ಕೆಲ್ಲ ಸಾರಿದೆ. ಸರಳಾ ಮುಖ ತೊಳೆದು ಬಂದರೂ ಮೂಸಿ ನೋಡುತ್ತಿದ್ದೆ.

ಸೀರೆ ಅದ್ದುವ ದಿನ ರೇವಾಬಾ ತಮ್ಮ ದೊಡ್ಡ ತಾಮ್ರದ ಹಂಡೆ ಕೊಟ್ಟು, ಪಕ್ಕದಲ್ಲೇ ಮಣೆ ಹಾಕಿ ಕುಳಿತರು. ಸೀರೆ ಬಿಸಿನೀರಿನಲ್ಲಿ ಉಬ್ಬಿ, ಮಗುಚಿ, ಹಳದಿಯಾಗಿ ಮೇಲೆ ಬಂದಾಗ ಅವರು ಒಂದು ತುದಿಯನ್ನು ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೆರಳಿಗೆ ಹತ್ತಿದ ಬಣ್ಣವನ್ನು ತೊಳೆಯದೆ ಹಾಗೇ ಒಣಗಲು ಬಿಟ್ಟರು. "ಪೂರ್ತಿ ಹೋಗುತ್ತೆ ಅಂದೆಯಲ್ಲ?" ಎಂದು ಮತ್ತೆ ಕೇಳಿದರು. ಪಾಪ, ಎಷ್ಟು ಆತಂಕ ಎಂದುಕೊಂಡು ನಾನು ಮತ್ತೊಮ್ಮೆ ಆಣೆ ಇಟ್ಟೆ. ಸಣ್ಣಪುಟ್ಟದ್ದನ್ನೆಲ್ಲ ಗಮನಿಸುತ್ತೇನೆ ಎಂಬ ಜಂಬ ನನಗೆ ಮೊದಲಿಂದಲೂ ಇದೆ.

ನಾಟಕದ ಸಂಜೆ ರೇವಾಬಾರನ್ನು ಮುಂದಿನ ಸಾಲಿನಲ್ಲೇ ಕೂರಿಸಿದೆ. ಕನ್ನಡ ತಿಳಿಯದಿದ್ದರೇನು, ಸೀರೆ ಅವರದು. ಮಂಜಿಷ್ಠದ ದಾಸಿಯರು, ದಾಳಿಂಬೆಯ ಸೈನಿಕರು, ಎಲ್ಲರೂ ಚೆನ್ನಾಗಿ ಕಂಡರು. ಮೊಳೆ-ಬೆಲ್ಲದ ಮುಂಡಾಸಿನವರಿಂದ ಮಾತ್ರ ಉಳಿದ ಸೇನೆ ಒಂದು ಮಾರು ದೂರ ನಿಂತಿತ್ತು. ಕೊನೆಯ ದೃಶ್ಯ ಬಂತು. ಸರಳಾ ಹಳದಿ ಸೀರೆಯಲ್ಲಿ, ಪಿನ್ನಿಲ್ಲದ ಸೆರಗನ್ನು ಮೊಣಕೈಯಲ್ಲಿ ಅದುಮಿ ಹಿಡಿದು ನಿಂತಿದ್ದಾಳೆ. ದಾಸಿ ಆರತಿ ತಟ್ಟೆ ತಂದಳು. ಬಣ್ಣದ ಪುಡಿ ಕಲಸಿದ ನೀರಲ್ಲ, ನಿಜವಾದ ಆರತಿಯೇ ಆಗಬೇಕೆಂಬುದು ಮಾಸ್ತರರ ಕಟ್ಟಪ್ಪಣೆ. ನಿಜವಾದ ಆರತಿ ಎಂದರೆ ಏನು? ಅರಿಶಿನಕ್ಕೆ ಸುಣ್ಣ ಕದಡಿದ ಕೆಂಪು ನೀರು. ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಬಾಣಂತಿಗೆ, ಮದುಮಕ್ಕಳಿಗೆ ಎತ್ತುವಾಗ ನಾನೇ ಎಷ್ಟು ಸಲ ಕಲಸಿದ್ದೇನೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆಂದು ತಿಳಿಯಲು ನನಗೆ ರಸಾಯನಶಾಸ್ತ್ರದ ಗಂಡ ಬೇಕಾಗಿರಲಿಲ್ಲ. ಆದರೂ ಸೋಪಿನ ಕಾವಲಿಗೆ ನಿಂತ ನನಗೆ ತಟ್ಟೆಯ ನೆನಪೇ ಆಗಲಿಲ್ಲ.

ಕನ್ನಡಕವಿಲ್ಲದ ಪಾಳೆಯಗಾರರು ವೀರಾವೇಶದಿಂದ ತಿರುಗಿದರು. ಮೊಣಕೈ ತಟ್ಟೆಗೆ ತಾಗಿತು. ನೀರು ರಾಣಿಯ ಸೆರಗಿನ ಮೇಲೆ ಚೆಲ್ಲಿತು. ಹಳದಿಯ ಮೇಲೆ ಕೆಂಪು ಎದ್ದಿತು, ನೋಡನೋಡುತ್ತ ಹರಡಿತು. ಗಂಡ ಯುದ್ಧದಿಂದ ಹಿಂದಿರುಗುವುದಿಲ್ಲ ಎಂಬುದನ್ನು ಮಾಸ್ತರರು ಮುಂದೆ ಎರಡು ಪುಟದ ಮಾತಿನಲ್ಲಿ ಬರೆದಿದ್ದರು. ಸರಳಾ ಸೆರಗನ್ನು ನೋಡಿದಳು, ಗಂಡನನ್ನು ನೋಡಿದಳು, ಎರಡು ಪುಟವನ್ನೂ ಮರೆತು ಸುಮ್ಮನೆ ನಿಂತಳು. ಪರದೆ ಬಿತ್ತು. ಚಪ್ಪಾಳೆ ನಿಲ್ಲಲೇ ಇಲ್ಲ. ಹಿಂದೆ ಮಾಸ್ತರರು ನನ್ನ ಕೈ ಹಿಡಿದು, "ತಂಗಿ, ಏನ್ ಯುಕ್ತಿ ಮಾಡಿದಿ! ಒಂದು ಮಾತು ಮೊದಲಽ ಹೇಳಬಾರದೇನು?" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಕಾರಣ ಬೇರೆ. ಪರದೆಯ ಸಂದಿನಿಂದ ನೋಡಿದೆ. ರೇವಾಬಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅಲ್ಲಾಡದೆ ಕುಳಿತಿದ್ದರು.

ಸುದ್ದಿ ವಡೋದರಾಕ್ಕೆ ಹೋಯಿತು, ಸೂರತ್ತಿಗೂ ಹೋಯಿತು. ಅಲ್ಲಿನ ಕನ್ನಡದವರು ನಮಗೂ ಆ ಕೆಂಪಾಗುವ ಸೀರೆಯ ನಾಟಕ ಬೇಕು ಎಂದರು. ನಾನು ಸೀರೆ ಕೊಡಲಾಗದು ಎಂದೆ. ರೇವಾಬಾ "ಹೋಗಿ ಬರಲಿ ಬಿಡು, ನಾನೇನು ಅಷ್ಟು ಊರು ನೋಡಿದೀನಾ, ಸೀರೆಯಾದರೂ ನೋಡಲಿ" ಎಂದರು. ವಡೋದರಾದಲ್ಲಿ ಪಾಳೆಯಗಾರರು ಬೇಕೆಂದೇ ತಟ್ಟೆಗೆ ಗುರಿಯಿಟ್ಟು, ಮಂತ್ರಿಗೆ ತಗುಲಿಸಿದರು. ಸೂರತ್ತಿನಲ್ಲಿ ದಾಸಿಯೇ ಧೈರ್ಯ ಮಾಡಿ ಇಡೀ ತಟ್ಟೆಯನ್ನು ರಾಣಿಯ ಮೇಲೆ ಸುರಿದಳು. ಶಕುನ ಎನ್ನುವುದಕ್ಕಿಂತ ಜಗಳ ಎನ್ನುವ ಹಾಗಾಯಿತು. ಆದರೂ ಅಲ್ಲಿಯವರು ಘಾರಿ ಕೊಟ್ಟು ಸತ್ಕರಿಸಿದರು. ರೈಲಿನಲ್ಲಿ ಎಲ್ಲರೂ ಆ ಸಿಹಿ ತಿನ್ನುತ್ತಿದ್ದರೆ ನಾನು ಮಡಿಲಲ್ಲಿ ಸೀರೆಯ ಗಂಟು ಹಿಡಿದುಕೊಂಡು ನಿಂಬೆಹಣ್ಣಿನ ಲೆಕ್ಕ ಹಾಕುತ್ತಿದ್ದೆ.

ಬಂದವಳೇ ಕೆಂಪನ್ನೆಲ್ಲ ನಿಂಬೆರಸದಿಂದ ಹಳದಿಗೆ ತಂದೆ. ಹಳದಿಯನ್ನು ಬಿಸಿಲಿಗೆ ಒಪ್ಪಿಸಿದೆ. ದಿನಾ ಬೆಳಿಗ್ಗೆ ಒದ್ದೆ ಮಾಡಿ ತಾರಸಿಯ ಹಗ್ಗದ ಮೇಲೆ ಹರಡುವುದು, ಸಂಜೆ ಹೋಗಿ ತರುವುದು. ಮೊದಮೊದಲು ಬಣ್ಣ ಚೆನ್ನಾಗಿ ಇಳಿಯಿತು. ಆಮೇಲೆ ಹಸುವಿನ ಬೆಣ್ಣೆಯ ಬಣ್ಣಕ್ಕೆ ಬಂದು ನಿಂತುಬಿಟ್ಟಿತು. ವೈಶಾಖದ ಬಿಸಿಲು. ಕಾಗೆಗಳು ಕೂಡ ನೆರಳು ಹುಡುಕುತ್ತಿವೆ. ಹಗ್ಗದ ಮೇಲಿದ್ದ ನಮ್ಮವರ ನೀಲಿ ಷರಟು, ಗಿರಣಿಯ ಗಟ್ಟಿ ಬಣ್ಣದ್ದು, ಬೂದಿಗೆ ತಿರುಗಿತು. ಸೀರೆಯ ಹಳದಿ ಮಾತ್ರ ಕದಲದು. ನಮ್ಮವರು ಮೊದಲು ನನ್ನನ್ನು ಅನುಮಾನಿಸಿದರು. "ಪಟಿಕ ಹಾಕಿದ್ಯಾ? ನಿಜ ಹೇಳು." ಇಲ್ಲವೆಂದು ಆಣೆ ಮಾಡಿದೆ. ಆಮೇಲೆ ಅರಿಶಿನವನ್ನು ಅನುಮಾನಿಸಿದರು. ಒಂದು ಎಳೆ ಕಿತ್ತು ಗಿರಣಿಗೆ ಒಯ್ದರು. ಅಲ್ಲಿ ಬಿಸಿಲಿಗಿಟ್ಟರೆ ಮಧ್ಯಾಹ್ನದೊಳಗೆ ಬೆಳ್ಳಗಾಯಿತಂತೆ. ಅದೇ ಎಳೆ, ಅದೇ ಸೂರ್ಯ. ಅಂದು ಊಟ ಮಾಡುತ್ತಾ ಗೋಡೆ ನೋಡಿದರು. ನಾನೋ ರೇವಾಬಾರ ಮುಖ ನೋಡಲಾರದೆ ಮೆಟ್ಟಿಲನ್ನು ಬೆಕ್ಕಿನ ಹಾಗೆ ಇಳಿಯುತ್ತಿದ್ದೆ.

ಒಂದು ಮಧ್ಯಾಹ್ನ ಧೂಳುಗಾಳಿ ಎದ್ದಿತು. ಸೀರೆ ಹಾರಿಹೋದೀತೆಂದು ತಾರಸಿಗೆ ಓಡಿದೆ. ಹಗ್ಗದ ಮೇಲೆ ಸೀರೆ ಇಲ್ಲ. ನೋಡಿದರೆ ಮೆಟ್ಟಿಲ ಕೋಣೆಯ ನೆರಳಿನಲ್ಲಿ, ಹಪ್ಪಳದ ಚಾಪೆಯ ಪಕ್ಕ, ಸೀರೆಯನ್ನು ನೀಟಾಗಿ ಮಡಿಸಿ ತೊಡೆಯ ಮೇಲಿಟ್ಟುಕೊಂಡು ರೇವಾಬಾ ಕುಳಿತಿದ್ದಾರೆ. ಬಣ್ಣ ಬೆಣ್ಣೆಯ ಹದಕ್ಕೆ ಇಳಿದಂದಿನಿಂದ ಇದೇ ನಡೆದಿತ್ತಂತೆ: ನಾನು ದಿನಾ ಹರಡಿ ಕೆಳಗಿಳಿದ ಮೇಲೆ ಅವರು ಬಂದು ತೆಗೆದು ನೆರಳಿಗಿಡುವುದು, ಸಂಜೆ ನಾನು ಬರುವ ಹೊತ್ತಿಗೆ ಮತ್ತೆ ಹಗ್ಗಕ್ಕೆ ಹಾಕುವುದು. ನನ್ನನ್ನು ಕಂಡು ಕೊಂಚವೂ ಗಾಬರಿಯಾಗಲಿಲ್ಲ.

"ಇಷ್ಟು ಇರಲಿ ಬಿಡು" ಎಂದರು.

"ಆದರೆ ರೇವಾಬಾ, ಪೂರ್ತಿ ಹೋಗುತ್ತಾ ಅಂತ ನೀವೇ ಎಷ್ಟು ಸಲ ಕೇಳಿದ್ರಿ."

"ಕೇಳಿದೆ. ನೀನು ಒಂದು ಸಲವಾದರೂ ಹೋಗಲ್ಲ ಅಂದೆಯಾ?"

ಅವರು ಸೀರೆಯ ಮಡಿಕೆಯನ್ನು ಅಂಗೈಯಿಂದ ಸವರಿದರು. "ಬಣ್ಣ ಹಾಕಿದ್ದು ನಾನಾ? ನಾಟಕದವರು. ತೊಳೆದದ್ದು ನಾನಾ? ನೀನು. ಹೋಗದಿದ್ದರೆ ನಾನೇನು ಮಾಡಲಿ? ಕಾಂತಾ ಕೇಳಿದರೆ ಆ ಮದ್ರಾಸಿ ಹುಡುಗಿ ಹಾಳು ಮಾಡಿದಳು ಅಂತೀನಿ. ಒಳ್ಳೆ ಖಾದಿ, ಬಿಸಾಡೋಕೆ ಆಗುತ್ತಾ? ಉಡಬೇಕಾಯಿತು."

ಹಾಗೆಯೇ ಆಯಿತು. ಮರುದಿನ ನಲ್ಲಿಯ ಹತ್ತಿರ, ಪೋಳದ ಹೆಂಗಸರೆಲ್ಲ ಇರುವಾಗ, ರೇವಾಬಾ ಆ ತೆಳು ಹಳದಿ ಸೀರೆ ಉಟ್ಟು ಬಂದು ನನ್ನನ್ನು ಚೆನ್ನಾಗಿ ಬೈದರು. ಕೈಯಲ್ಲಿ ನೂತ ಸೀರೆ, ಈ ಹುಡುಗಿ ಏನು ಮಾಡಿಟ್ಟಳು ನೋಡಿ, ಓದಿದವರಿಗೆ ಬಟ್ಟೆ ಒಗೆಯಲು ಬರುವುದಿಲ್ಲ ಎಂದರು. ಕಾಂತಾಬೆನ್ ನಾಲಿಗೆ ಲೊಚಗುಟ್ಟಿ, "ಉಡದೆ ಇನ್ನೇನು ಮಾಡ್ತೀರಿ ಬಿಡಿ" ಎಂದು ಸಮಾಧಾನ ಹೇಳಿದರು. ನಾನು ತಲೆತಗ್ಗಿಸಿ ನಿಂತಿದ್ದೆ. ತಗ್ಗಿಸಿದ ತಲೆಗೆ ಕಂಡದ್ದು ರೇವಾಬಾರ ನೆರಿಗೆ. ಅಷ್ಟು ಸಮನಾಗಿ ಅವರು ಎಂದೂ ಹಿಡಿದದ್ದನ್ನು ನಾನು ನೋಡಿರಲಿಲ್ಲ. ಸಂಜೆ ಮೇಲೆ ಬಂದು, ಯಾರಿಗೂ ಕಾಣದ ಹಾಗೆ ಗೋಧಿ ಹಿಟ್ಟು, ತುಪ್ಪ, ಬೆಲ್ಲದಲ್ಲಿ ಮಾಡಿದ ಒಂದು ತಟ್ಟೆ ಸುಖಡಿ ಇಟ್ಟು ಹೋದರು. ಬೆಲ್ಲ ಎಂದಿಗಿಂತ ಹೆಚ್ಚೇ ಇತ್ತು.

ನಮ್ಮವರಿಗೆ ಈ ವಿಷಯ ಇನ್ನೂ ತಿಳಿಯದು. ಹೇಡಿ ಬಣ್ಣ ಯಾಕೆ ಓಡಲಿಲ್ಲ ಎಂಬುದು ಅವರ ವೃತ್ತಿಜೀವನದ ಒಂದು ಬಿಡಿಸದ ಸಮಸ್ಯೆಯಾಗಿ ಉಳಿದಿದೆ, ಗಿರಣಿಯ ನೀರಿಗೂ ಪೋಳದ ನೀರಿಗೂ ಇರುವ ವ್ಯತ್ಯಾಸದ ಮೇಲೆ ಏನೋ ಸಿದ್ಧಾಂತ ಕಟ್ಟಿದ್ದಾರೆ. ಅವರು ಇಂಥ ಹರಟೆಗಳನ್ನು ಓದುವವರಲ್ಲವಾದ್ದರಿಂದ ನಾನು ಧೈರ್ಯವಾಗಿ ಬರೆದಿದ್ದೇನೆ. ಮಾಸ್ತರರು ಈ ಸಲದ ಯುಗಾದಿಗೆ ಇನ್ನೊಂದು ನಾಟಕ ಬರೆದು, ವೇಷಭೂಷಣಕ್ಕೆ ನನ್ನನ್ನೇ ಕೇಳಿದ್ದಾರೆ. ಪೋಳದಲ್ಲಿ ಮಾತ್ರ ನನ್ನ ಹೆಸರು ನಿಜಕ್ಕೂ ತೆಗೆದುಹಾಕಿದ ಹಾಗೆಯೇ. ರೇವಾಬಾರ ಸೀರೆ ಕೆಡಿಸಿದ ಮದ್ರಾಸಿ ಎಂದರೆ ಸಣ್ಣ ಮಕ್ಕಳೂ ನಮ್ಮ ಮನೆ ತೋರಿಸುತ್ತಾರೆ. ನಾನು ತಾರಸಿ ಹತ್ತಿದರೆ ಕಾಂತಾಬೆನ್ ಓಡಿಬಂದು ತಮ್ಮ ಬಟ್ಟೆ ಎತ್ತಿಕೊಳ್ಳುತ್ತಾರೆ. ಹೊಲಿಗೆ ಬರುತ್ತದೆಂದು ಹೇಳಿಕೊಂಡರೂ ಈಗ ಇಲ್ಲಿ ಯಾರೂ ಒಂದು ಗುಂಡಿ ಸಹ ಹಚ್ಚಲು ಕೊಡುವುದಿಲ್ಲ. ಹೊರಮಗ್ಗುಲು ಹೀಗಾಯಿತು. ಒಳಮಗ್ಗುಲು ನೋಡಿದರೆ ಆ ಸಿಸ್ಟರ್ ನನಗೆ ಪೂರ್ತಿ ಅಂಕ ಕೊಟ್ಟಾರು ಎಂದುಕೊಂಡು, ಬಿಡುವಾದಾಗಲೆಲ್ಲ ರೇವಾಬಾರಿಂದ ಬೈಸಿಕೊಳ್ಳಲು ಕೆಳಗೆ ಹೋಗುತ್ತೇನೆ.